ಗ್ರೀಕ್ ಮುಳ್ಳುಕಳ್ಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೀಟ್ ದ್ವೀಪದ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಮಾರ್ಚ್–ಏಪ್ರಿಲ್ ಹೊತ್ತಿಗೆ ನಡೆದಾಡಿದರೆ ಕಲ್ಲುಗಳ ನಡುವೆ ಮೊಣಕಾಲಿಗಿಂತ ಕೆಳಗೆ ಹಳದಿ ಗುಪ್ಪೆಗಳು ಕಾಣುತ್ತವೆ. ಮುಟ್ಟಲು ಹೋದರೆ ಚುಚ್ಚುತ್ತವೆ, ಮುರಿದರೆ ಹಾಲು ಸುರಿಯುತ್ತವೆ. ಈ ಗಿಡದ ಬಗ್ಗೆ ಹೆಚ್ಚಾಗಿ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಎಲ್ಲ ಉತ್ತರಗಳಿಗೂ ಮೂಲ ಒಂದೇ: ಈ ಗಿಡ ಚಳಿಗಾಲದಲ್ಲಿ ಬೆಳೆಯುತ್ತದೆ, ಬೇಸಿಗೆಯಲ್ಲಿ ಸುಮ್ಮನಿರುತ್ತದೆ. ಅದರ ಮುಳ್ಳು, ಆಕಾರ, ಎಲೆ ಉದುರಿಸುವ ರೀತಿ, ಕುಂಡದಲ್ಲಿ ಅದು ಸಾಯುವ ಕಾರಣ, ಎಲ್ಲವೂ ಈ ಒಂದು ಸಂಗತಿಗೆ ಬಂದು ನಿಲ್ಲುತ್ತವೆ.

ಇದು ನಿಖರವಾಗಿ ಯಾವ ಗಿಡ?

ಸಸ್ಯಶಾಸ್ತ್ರದ ಹೆಸರು ಯುಫೋರ್ಬಿಯಾ ಅಕ್ಯಾಂತೊಥಾಮ್ನೋಸ್. ನಮ್ಮ ಹೊಲದ ಬೇಲಿಯ ಕಳ್ಳಿ, ಎಲೆಗಳ್ಳಿ, ಬೀದಿ ಬದಿಯ ಅಚ್ಚೆಗಿಡ, ಡಿಸೆಂಬರ್‌ನಲ್ಲಿ ಕೆಂಪಾಗುವ ಪಾಯಿನ್‌ಸೆಟಿಯಾ, ಇವೆಲ್ಲ ಸೇರಿದ ಯುಫೋರ್ಬಿಯಾ ಕುಲಕ್ಕೇ ಇದೂ ಸೇರಿದೆ. ಆದರೆ ಇದರ ಕಾಂಡ ದಪ್ಪ ರಸಭರಿತ ಕಾಂಡವಲ್ಲ. ತೆಳುವಾದ, ಗಟ್ಟಿಯಾದ ಕಡ್ಡಿಗಳು ಒತ್ತಾಗಿ ಹೆಣೆದುಕೊಂಡ ಕುಳ್ಳ ಪೊದೆ ಇದು. ಎತ್ತರ ಸಾಮಾನ್ಯವಾಗಿ 10ರಿಂದ 30 ಸೆಂಟಿಮೀಟರ್. ಅಗಲ ಅದರ ಎರಡು ಮೂರು ಪಟ್ಟು. ದೂರದಿಂದ ನೋಡಿದರೆ ಮಗುಚಿಟ್ಟ ಬುಟ್ಟಿಯಂತಿರುತ್ತದೆ. ಎಲೆಗಳು ಚಿಕ್ಕವು, ಒಂದು–ಒಂದೂವರೆ ಸೆಂಟಿಮೀಟರ್ ಉದ್ದ, ಅಂಚಿನಲ್ಲಿ ಹಲ್ಲುಗಳಿಲ್ಲ.

19ನೇ ಶತಮಾನದಲ್ಲಿ ಅಥೆನ್ಸ್‌ನಲ್ಲಿ ನೆಲೆಸಿದ್ದ ಜರ್ಮನ್ ಸಸ್ಯಶಾಸ್ತ್ರಜ್ಞ ಥಿಯೊಡೋರ್ ಫಾನ್ ಹೆಲ್ಡ್‌ರೈಕ್ ಮತ್ತು ಸಾರ್ಟೊರಿ ಇದಕ್ಕೆ ಹೆಸರಿಟ್ಟರು. ಜಿನೀವಾದ ಎಡ್ಮಂಡ್ ಬುವಾಸಿಯೆ ಅದನ್ನು ವಿವರಿಸಿ ಪ್ರಕಟಿಸಿದರು.

ಪಾಪಾಸುಕಳ್ಳಿಗೂ ಇದಕ್ಕೂ ಏನು ಸಂಬಂಧ?

ಯಾವ ಸಂಬಂಧವೂ ಇಲ್ಲ. ಪಾಪಾಸುಕಳ್ಳಿ ಅಮೆರಿಕ ಖಂಡದ ಕ್ಯಾಕ್ಟಸ್, ಅದನ್ನು ಮುರಿದರೆ ಲೋಳೆ ಬರುತ್ತದೆಯೇ ಹೊರತು ಬಿಳಿ ಹಾಲು ಬರುವುದಿಲ್ಲ. ಯುಫೋರ್ಬಿಯಾ ಕುಲದ ಗಿಡವನ್ನು ಎಲ್ಲಿ ಮುರಿದರೂ ಹಾಲು ಬರುತ್ತದೆ. ಮನೆಯ ಕುಂಡದಲ್ಲಿರುವುದು ಯಾವುದು ಎಂಬ ಅನುಮಾನ ಬಂದರೆ ಈ ಒಂದು ಗುರುತು ಸಾಕು.

ಎಲ್ಲೆಲ್ಲಿ ಬೆಳೆಯುತ್ತದೆ?

ಕ್ರೀಟ್, ಏಜಿಯನ್ ಸಮುದ್ರದ ದ್ವೀಪಗಳು, ದಕ್ಷಿಣ ಗ್ರೀಸ್, ಪಶ್ಚಿಮ ಟರ್ಕಿಯ ಕೆಲವು ಭಾಗ. ಸುಣ್ಣಕಲ್ಲಿನ ನೆಲ ಇದಕ್ಕೆ ಬಲು ಇಷ್ಟ. ಕಡಲಂಚಿನ ಬಂಡೆಗಳಿಂದ ಹಿಡಿದು ಸಾವಿರ ಮೀಟರ್ ದಾಟಿದ ಬೆಟ್ಟದ ಇಳಿಜಾರುಗಳವರೆಗೂ ಸಿಗುತ್ತದೆ. ಮರವಿಲ್ಲದ, ಕುಳ್ಳ ಮುಳ್ಳುಪೊದೆಗಳು ತುಂಬಿದ ಈ ನೆಲವನ್ನು ಗ್ರೀಕರು ಫ್ರಿಗಾನಾ ಎನ್ನುತ್ತಾರೆ. ಥೈಮ್, ಸೇಜ್, ಈ ಮುಳ್ಳುಕಳ್ಳಿ, ಮುಳ್ಳು ಬರ್ನೆಟ್, ಇವುಗಳ ನಡುವೆ ವಸಂತದಲ್ಲಿ ನೆಲದ ಆರ್ಕಿಡ್‌ಗಳು ಮತ್ತು ಗೆಡ್ಡೆ ಗಿಡಗಳು ಎದ್ದು ಹೂಬಿಡುತ್ತವೆ.

ಯುರೋಪಿಯನ್ ಒಕ್ಕೂಟದ 1992ರ ಆವಾಸಸ್ಥಾನ ನಿರ್ದೇಶನದಲ್ಲಿ ಇಂಥ ಸ್ಥಳೀಯ ಫ್ರಿಗಾನಾಗಳಿಗೆ 5430 ಎಂಬ ಪ್ರತ್ಯೇಕ ಸಂಕೇತವಿದೆ. ಯುಫೋರ್ಬಿಯಾ ಮತ್ತು ವರ್ಬ್ಯಾಸ್ಕಮ್ ಕುಲಗಳ ಹೆಸರಿನಲ್ಲೇ ಅದನ್ನು ಗುರುತಿಸಿದ್ದಾರೆ. ಬರೀ ಬಂಜರು ಎಂದು ಜನ ತಳ್ಳಿಹಾಕುವ ನೆಲಕ್ಕೆ ಸಿಕ್ಕ ಈ ಮನ್ನಣೆ ಸಣ್ಣದಲ್ಲ.

ಮುಳ್ಳು ಎಲ್ಲಿಂದ ಬರುತ್ತದೆ?

ಈ ಗಿಡದ ಸೊಗಸಿರುವುದೇ ಇಲ್ಲಿ. ನಮ್ಮಲ್ಲಿ ಕುಂಡಗಳಲ್ಲಿ ಬೆಳೆಸುವ ಕೆಂಪು ಹೂವಿನ ಯುಫೋರ್ಬಿಯಾದಲ್ಲಿ ಎಲೆಯ ಬುಡದ ಎರಡು ಪುಟ್ಟ ಅಂಗಗಳು ಮುಳ್ಳಾಗುತ್ತವೆ. ಬೇಲಿಯ ಕಳ್ಳಿಗಳಲ್ಲೂ ಮುಳ್ಳು ಜೋಡಿಜೋಡಿಯಾಗಿ ಬರುವುದು ಅದಕ್ಕೇ. ಗ್ರೀಕ್ ಮುಳ್ಳುಕಳ್ಳಿಯ ಮುಳ್ಳು ಬೇರೆ: ಅದು ಸತ್ತ ಹೂಗೊಂಚಲಿನ ಕಡ್ಡಿ.

ಪ್ರತಿ ಚಿಗುರಿನ ತುದಿಯಲ್ಲಿ ಮೂರು ನಾಲ್ಕು ತೆಳು ಕಡ್ಡಿಗಳು ಕೊಡೆಯ ಕಂಬಿಗಳಾಗಿ ಹರಡಿ, ಮತ್ತೆ ಕವಲೊಡೆದು ಹೂಬಿಡುತ್ತವೆ. ಕಾಯಿ ಸಿಡಿದು ಬೀಜ ಹೋದ ಮೇಲೆ ಕಡ್ಡಿಗಳು ಉದುರುವುದಿಲ್ಲ. ಒಣಗಿ, ಗಟ್ಟಿಯಾಗಿ, ತುದಿ ಮೊನಚಾಗಿ ಅಲ್ಲೇ ನಿಲ್ಲುತ್ತವೆ. ಮುಂದಿನ ವರ್ಷದ ಚಿಗುರು ಅವುಗಳ ಕೆಳಗಿನಿಂದ ಹೊರಟು ಅವುಗಳ ಆಸರೆಯಲ್ಲೇ ಬೆಳೆಯುತ್ತದೆ.

ಏಪ್ರಿಲ್‌ನಲ್ಲಿ ಒಂದು ಗುಪ್ಪೆಯ ಪಕ್ಕ ಕುಳಿತು ಒಳಗೆ ಇಣುಕಿ ನೋಡಿ. ಮೇಲಿನ ಪದರದಲ್ಲಿ ಈ ವರ್ಷದ ಹಳದಿ–ಹಸಿರು ಕಡ್ಡಿಗಳು, ಬೆರಳಿಗೆ ಬಾಗುವಷ್ಟು ಮೆದು. ಅವುಗಳ ನಡುವೆಯೇ ಎದ್ದು ನಿಂತ ಕಳೆದ ವರ್ಷದ ಬೂದು ಮುಳ್ಳುಗಳು, ಇಂಗ್ಲಿಷ್ ವೈ ಅಕ್ಷರದ ಹಾಗೆ ಕವಲೊಡೆದವು. ಇನ್ನೂ ಕೆಳಗೆ ಅದಕ್ಕೂ ಹಳೆಯವು, ಕಪ್ಪಗಾಗಿ ಮುಟ್ಟಿದರೆ ಪುಡಿಯಾಗುವಂಥವು. ತೀರಾ ಒಳಗೆ ಒಣ ಎಲೆ, ದೂಳು, ಬಸವನಹುಳದ ಖಾಲಿ ಚಿಪ್ಪು. ಮೂರು ನಾಲ್ಕು ವರ್ಷಗಳ ಹೂವು ಒಂದೇ ಗಿಡದಲ್ಲಿ ಪದರ ಪದರವಾಗಿ ಉಳಿದಿರುತ್ತದೆ. ಹಾಗಾಗಿ ಹೂವೇ ಬಿಡದ ಎಳೆ ಗಿಡಕ್ಕೆ ಮುಳ್ಳು ಕಡಿಮೆ. ಬೀಜದಿಂದ ಬೆಳೆಸಿದವರು "ಮುಳ್ಳೇ ಬಂದಿಲ್ಲ, ಬೇರೆ ಗಿಡ ಕೊಟ್ಟರೇನೋ" ಎಂದು ಗಾಬರಿಪಡುವುದುಂಟು. ಒಂದೆರಡು ಸಲ ಹೂಬಿಡುವವರೆಗೆ ಕಾಯಬೇಕು.

ಗುಪ್ಪೆಯ ಆಕಾರದಿಂದ ಗಿಡಕ್ಕೆ ಏನು ಲಾಭ?

ಮೂರು ಲಾಭಗಳಿವೆ, ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಅರ್ಧಗೋಲದ ಆಕಾರದಲ್ಲಿ ಒಳಗಿನ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಕಡಿಮೆ, ಆದ್ದರಿಂದ ಬಿಸಿಲು ಮತ್ತು ಗಾಳಿಗೆ ಒಡ್ಡಿಕೊಳ್ಳುವ ಭಾಗ ಕಡಿಮೆ. ಏಜಿಯನ್‌ನಲ್ಲಿ ಬೇಸಿಗೆಯಲ್ಲಿ ಮೆಲ್ತೆಮಿ ಎಂಬ ಉತ್ತರದ ಒಣಗಾಳಿ ದಿನಗಟ್ಟಲೆ ಬೀಸುತ್ತದೆ. ನೆಲಕ್ಕೆ ಅಂಟಿಕೊಂಡ ಉರುಟು ಪೊದೆಯ ಮೇಲೆ ಅದು ಜಾರಿಹೋಗುತ್ತದೆ, ಎತ್ತರದ ರೆಂಬೆಯನ್ನಾದರೆ ಒಣಗಿಸಿಬಿಡುತ್ತದೆ. ಎರಡನೆಯದು, ಒಳಗಿನ ನೆರಳು. ಬುಡದ ಮಣ್ಣಿಗೆ ನೇರ ಬಿಸಿಲು ಬೀಳದೆ ತೇವ ಸ್ವಲ್ಪ ಹೆಚ್ಚು ದಿನ ಉಳಿಯುತ್ತದೆ. ಗಾಳಿ ಹೊತ್ತು ತಂದ ದೂಳು, ಕಸ ಅಲ್ಲೇ ಸಿಕ್ಕಿಕೊಂಡು ಕಲ್ಲುನೆಲದಲ್ಲಿ ಒಂದಿಷ್ಟು ಮಣ್ಣು ಕಟ್ಟುತ್ತದೆ. ಮೂರನೆಯದು ಮೇಯುವ ಪ್ರಾಣಿಗಳಿಂದ ರಕ್ಷಣೆ.

ಈ ರಕ್ಷಣೆ ಬೇರೆ ಗಿಡಗಳಿಗೂ ಸಿಗುತ್ತದೆ. ಆಡುಗಳು ಬೋಳು ಮಾಡಿದ ಇಳಿಜಾರಿನಲ್ಲಿ ಮುಳ್ಳುಗುಪ್ಪೆಗಳ ನಡುವಿನಿಂದ ಆರ್ಕಿಡ್, ಸೈಕ್ಲಮೆನ್, ಹುಲ್ಲು ತಲೆ ಎತ್ತಿರುವುದು ಸಾಮಾನ್ಯ ನೋಟ. "ಮುಳ್ಳು ತೆಗೆದು ಜಾಗ ಸ್ವಚ್ಛ ಮಾಡುವುದು" ಇಂಥ ನೆಲದಲ್ಲಿ ಒಳ್ಳೆಯ ಕೆಲಸವಲ್ಲ ಎನ್ನುವುದು ಇದಕ್ಕೇ.

ಆಡು ನಿಜಕ್ಕೂ ಮುಟ್ಟುವುದಿಲ್ಲವೇ?

ಬಹುತೇಕ ಮುಟ್ಟುವುದಿಲ್ಲ. ಮುಳ್ಳೊಂದೇ ಇದ್ದರೆ ಆಡು ತುದಿ ಕಡಿದು ಹೋಗುತ್ತಿತ್ತು. ಇಲ್ಲಿ ಮುಳ್ಳಿನ ಜೊತೆಗೆ ಬಾಯಿ ಸುಡುವ ಹಾಲೂ ಇದೆ. ಹೆಚ್ಚು ಮೇಯಿಸಿದ ಗುಡ್ಡಗಳಲ್ಲಿ ರುಚಿಯ ಗಿಡಗಳು ಮಾಯವಾಗಿ ಇಂಥವು ಉಳಿದುಕೊಳ್ಳುವುದರಿಂದ ಫ್ರಿಗಾನಾ ಹರಡುವುದಕ್ಕೆ ಮೇಯಿಸುವುದೂ ಒಂದು ಕಾರಣ.

ಬೇಸಿಗೆಯಲ್ಲಿ ಒಣಗಿ ಸತ್ತಂತಿದೆ. ಕಿತ್ತು ಹಾಕಬೇಕೇ?

ಬೇಡ. ಮೇ ಕೊನೆಯಿಂದ ಎಲೆಗಳು ಹಳದಿ, ಕೆಲವೊಮ್ಮೆ ಕೆಂಪು ಬಣ್ಣಕ್ಕೆ ತಿರುಗಿ ಉದುರತೊಡಗುತ್ತವೆ. ಜುಲೈ–ಆಗಸ್ಟ್‌ನಲ್ಲಿ ಬೂದು ಮುಳ್ಳಿನ ಗೂಡು ಮಾತ್ರ ಕಾಣುತ್ತದೆ. ನೀರಿನ ಖರ್ಚು ತಗ್ಗಿಸಲು ಗಿಡ ಮಾಡುವ ಉಪಾಯ ಇದು. ಅಕ್ಟೋಬರ್‌ನ ಮೊದಲ ಮಳೆಗೆ ಮುಳ್ಳಿನ ಕೆಳಗಿನಿಂದ ಹಸಿರು ಒಡೆಯುತ್ತದೆ.

ಬದುಕಿದೆಯೋ ಇಲ್ಲವೋ ನೋಡಲೇಬೇಕೆಂದರೆ ಕೈಗವಸು, ಕನ್ನಡಕ ಹಾಕಿಕೊಂಡು ಬುಡದ ಹತ್ತಿರದ ಒಂದು ಕಡ್ಡಿಯ ತೊಗಟೆಯನ್ನು ಚಾಕುವಿನ ತುದಿಯಿಂದ ಎರಡು ಮಿಲಿಮೀಟರ್ ಕೆರೆಯಿರಿ. ಒಳಗೆ ಹಸಿರು ಕಂಡು ಸ್ವಲ್ಪವಾದರೂ ಹಾಲು ಜಿನುಗಿದರೆ ಜೀವ ಇದೆ. ತುದಿಯ ಮುಳ್ಳನ್ನು ಕೆರೆದು ನಿರ್ಧಾರಕ್ಕೆ ಬರಬೇಡಿ, ಅದು ಯಾವಾಗಲೂ ಸತ್ತದ್ದೇ.

ಇದೇ ಥರ ಕಾಣುವ ಬೇರೆ ಮುಳ್ಳುಗುಪ್ಪೆಗಳಿಂದ ಗುರುತಿಸುವುದು ಹೇಗೆ?

ಮೊದಲ ಪರೀಕ್ಷೆ ಹಾಲು. ಮುಳ್ಳು ಬರ್ನೆಟ್‌ಗೆ, ಅಂದರೆ ಸಾರ್ಕೊಪೊಟೇರಿಯಂ ಸ್ಪೈನೋಸಮ್‌ಗೆ, ಹಾಲಿಲ್ಲ. ಅದು ಗುಲಾಬಿಯ ಕುಟುಂಬದ್ದು, ಎಲೆ ಪುಟ್ಟ ಪುಟ್ಟ ಎಸಳುಗಳಾಗಿ ಒಡೆದಿರುತ್ತದೆ, ಕಾಯಿ ಕೆಂಪಗೆ ಉರುಟಾಗಿರುತ್ತದೆ. ಗ್ರೀಸ್‌ನ ಹಳ್ಳಿಗಳಲ್ಲಿ ಒಲೆಗೆ, ಸುಣ್ಣದ ಗೂಡಿಗೆ ಉರುವಲಾಗಿ ಬಳಸುತ್ತಿದ್ದದ್ದು ಆ ಗಿಡವನ್ನು. ಜೆನಿಸ್ಟಾ ಅಕ್ಯಾಂತೊಕ್ಲಾಡಾ ಕೂಡ ಹಳದಿ ಹೂವಿನದ್ದೇ, ಆದರೆ ಹೂವು ಅವರೆ, ತೊಗರಿ ಹೂವಿನ ಆಕಾರದ್ದು. ಪಶ್ಚಿಮ ಕ್ರೀಟ್‌ನಲ್ಲಿ ಮಾತ್ರ ಸಿಗುವ ವರ್ಬ್ಯಾಸ್ಕಮ್ ಸ್ಪೈನೋಸಮ್‌ನ ಹೂವು ಐದೆಸಳಿನದ್ದು, ಚಪ್ಪಟೆಯಾಗಿ ಅರಳುತ್ತದೆ.

ಹಾಲು ಬಂದರೂ ಒಂದು ಅನುಮಾನ ಉಳಿಯಬಹುದು. ಯುಫೋರ್ಬಿಯಾ ಸ್ಪೈನೋಸಾ ಎಂಬ ಹತ್ತಿರದ ನಂಟ ಇದೆ. ಅದು ಪಶ್ಚಿಮದ್ದು: ದಕ್ಷಿಣ ಫ್ರಾನ್ಸ್, ಕಾರ್ಸಿಕಾ, ಸಾರ್ಡಿನಿಯಾ, ಇಟಲಿ, ಏಡ್ರಿಯಾಟಿಕ್ ತೀರ. ಅದರ ಮುಳ್ಳು ಬಹುಮಟ್ಟಿಗೆ ಕವಲಿಲ್ಲದ ಒಂಟಿ ಕಡ್ಡಿ. ಗ್ರೀಕ್ ಮುಳ್ಳುಕಳ್ಳಿಯದು ಸ್ಪಷ್ಟವಾಗಿ ಕವಲೊಡೆದಿರುತ್ತದೆ. ನರ್ಸರಿಗಳಲ್ಲಿ ಇವೆರಡರ ಚೀಟಿ ಅದಲುಬದಲಾಗುವುದು ಅಪರೂಪವಲ್ಲ.

ಆ ಹಳದಿ ಭಾಗ ಹೂವೇ?

ಒಂದು ಹೂವಿನಂತೆ ಕಾಣುವುದು ವಾಸ್ತವವಾಗಿ ಹಲವು ಹೂಗಳ ಪುಟ್ಟ ಬಟ್ಟಲು. ನಡುವೆ ಒಂದೇ ಹೆಣ್ಣು ಹೂವು, ಸುತ್ತ ಒಂದೊಂದೇ ಕೇಸರವಿರುವ ಗಂಡು ಹೂಗಳು, ಬಟ್ಟಲ ಅಂಚಿನಲ್ಲಿ ಜೇನು ಸೂಸುವ ಉರುಟು ಗ್ರಂಥಿಗಳು. ಜೇನು ತೆರೆದೇ ಇರುವುದರಿಂದ ನಾಲಗೆ ಗಿಡ್ಡವಿರುವ ನೊಣ, ಇರುವೆ, ಸಣ್ಣ ಜೇನುನೊಣಗಳಿಗೂ ಸಿಗುತ್ತದೆ. ಹೆಣ್ಣು ಹೂವು ಬಲಿತು ಮೈಮೇಲೆ ಗಂಟುಗಳಿರುವ ಮೂರು ಹೋಳಿನ ಕಾಯಾಗುತ್ತದೆ. ಹರಳುಕಾಯಿ ನೋಡಿದವರಿಗೆ ಈ ಮೂರು ಹೋಳು ಹೊಸದಲ್ಲ, ಎರಡೂ ಒಂದೇ ಕುಟುಂಬ.

ಹಾಲು ಎಷ್ಟು ಅಪಾಯ? ತಾಕಿದರೆ ಏನು ಮಾಡಬೇಕು?

ಅಪಾಯವಿದೆ, ಹಗುರವಾಗಿ ತೆಗೆದುಕೊಳ್ಳಬೇಡಿ. ಯುಫೋರ್ಬಿಯಾಗಳ ಹಾಲಿನಲ್ಲಿರುವ ಡೈಟರ್ಪೀನ್ ಎಸ್ಟರ್‌ಗಳು ಚರ್ಮವನ್ನು, ಅದಕ್ಕಿಂತ ಹೆಚ್ಚಾಗಿ ಕಣ್ಣನ್ನು ಕೆರಳಿಸುತ್ತವೆ. ಮೋಸವೆಂದರೆ ಪರಿಣಾಮ ತಕ್ಷಣ ಗೊತ್ತಾಗದಿರಬಹುದು. ಚರ್ಮ ಕೆಂಪಾಗಿ ಊದುವುದು, ಗುಳ್ಳೆ ಏಳುವುದು ಕೆಲವು ಗಂಟೆಗಳ ನಂತರ. ಕಣ್ಣಿನ ಉರಿಯೂ ಗಂಟೆಗಳು ಕಳೆದಂತೆ ಹೆಚ್ಚುತ್ತದೆ, ಕಾರ್ನಿಯಾ ಊದಿ ನೋಟ ಮಂಜಾಗಬಹುದು.

ಚರ್ಮಕ್ಕೆ ತಾಕಿದರೆ ಮೊದಲು ಒಣ ಬಟ್ಟೆ ಅಥವಾ ಕಾಗದದಿಂದ ಹಾಲನ್ನು ಒತ್ತಿ ತೆಗೆಯಿರಿ, ಉಜ್ಜಬೇಡಿ, ಉಜ್ಜಿದರೆ ಹರಡುತ್ತದೆ. ಆಮೇಲೆ ಸೋಪು ಹಾಕಿ ತೊಳೆಯಿರಿ. ಅದು ಅಂಟು ಪದಾರ್ಥ, ಬರೀ ನೀರಿಗೆ ಬಿಡುವುದಿಲ್ಲ. ಆ ದಿನ ಆ ಜಾಗಕ್ಕೆ ಬಿಸಿಲು ಬೀಳದಂತೆ ನೋಡಿಕೊಳ್ಳಿ.

ಕಣ್ಣಿಗೆ ಬಿದ್ದರೆ ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದು, ರೆಪ್ಪೆಯನ್ನು ಬಿಡಿಸಿ ಹಿಡಿದು, ಹರಿಯುವ ಶುದ್ಧ ನೀರಿನಿಂದ ಕನಿಷ್ಠ 15–20 ನಿಮಿಷ ತೊಳೆಯಿರಿ. ಉರಿ ಕಡಿಮೆಯಾದರೂ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿ, ಯಾವ ಗಿಡದ ಹಾಲು ಎಂದು ಹೇಳಿ. ಎದೆಹಾಲು, ಎಣ್ಣೆ, ಮನೆಯಲ್ಲಿದ್ದ ಹಳೇ ಕಣ್ಣಿನ ಡ್ರಾಪ್ಸ್, ಯಾವುದನ್ನೂ ಹಾಕಬೇಡಿ. ಸ್ಟಿರಾಯ್ಡ್ ಡ್ರಾಪ್ಸನ್ನಂತೂ ವೈದ್ಯರು ಹೇಳದೆ ಮುಟ್ಟಬೇಡಿ. ಬೇಲಿ ಕಡಿಯುವಾಗ ಕಳ್ಳಿಹಾಲು ಸಿಡಿದವರಿಗೂ ಇದೇ ಕ್ರಮ.

ಈ ಗಿಡದಲ್ಲಿ ಇನ್ನೊಂದು ತೊಂದರೆ: ಮುಳ್ಳು ಚುಚ್ಚಿ ಗಾಯವಾಗುವುದು, ಅದೇ ಹೊತ್ತಿಗೆ ಎಳೆ ಕಡ್ಡಿ ಮುರಿದು ಗಾಯಕ್ಕೆ ಹಾಲು ಸೇರುವುದು. ತೆಳು ರಬ್ಬರ್ ಗ್ಲೌಸ್ ಸಾಲದು, ಮುಳ್ಳು ತೂರಿ ಬರುತ್ತದೆ. ದಪ್ಪ ಚರ್ಮದ ಕೈಗವಸು, ತೋಳು ಮುಚ್ಚುವ ಅಂಗಿ, ಕಣ್ಣಿಗೆ ಕನ್ನಡಕ, ಇಷ್ಟು ಬೇಕು. ಮಕ್ಕಳು, ನಾಯಿ ಓಡಾಡುವ ದಾರಿಯ ಅಂಚಿನಲ್ಲಿ ನೆಡಬೇಡಿ.

ಬೆಂಗಳೂರು, ಮೈಸೂರು, ಧಾರವಾಡದಲ್ಲಿ ಬೆಳೆಸಬಹುದೇ?

ನೇರವಾಗಿ ಹೇಳುವುದಾದರೆ, ಪ್ರಯತ್ನಿಸಬೇಡಿ. "ಒಣ ಪ್ರದೇಶದ ಗಿಡ, ಚಿತ್ರದುರ್ಗದ ಕಡೆ ಬರಬಹುದಲ್ಲ" ಎಂದು ಹಲವರು ಕೇಳುತ್ತಾರೆ. ಮಳೆಯ ಪ್ರಮಾಣ ನೋಡಿದರೆ ಪ್ರಶ್ನೆ ಸರಿಯಾಗಿಯೇ ಇದೆ. ಕ್ರೀಟ್‌ನ ಹೆರಾಕ್ಲಿಯೊನ್‌ನಲ್ಲಿ ವರ್ಷಕ್ಕೆ ಸುಮಾರು 480 ಮಿಲಿಮೀಟರ್ ಮಳೆ, ಚಳ್ಳಕೆರೆ ಕಡೆಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಬೀಳುವ ತಿಂಗಳುಗಳು ತಿರುಗುಮುರುಗು. ಹೆರಾಕ್ಲಿಯೊನ್‌ನಲ್ಲಿ ಮಳೆಯ ಬಹುಪಾಲು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಜೂನ್‌ನಿಂದ ಆಗಸ್ಟ್‌ವರೆಗೆ ಹನಿಯೂ ಇಲ್ಲವೆನ್ನಬಹುದು. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಜನವರಿಯಿಂದ ಮಾರ್ಚ್ ಒಣಗು.

ಅಂದರೆ ಗಿಡ ಎಲೆ ಉದುರಿಸಿ ಮಲಗುವ ಹೊತ್ತಿಗೆ ಬೇರಿನ ಸುತ್ತ ಬೆಚ್ಚಗಿನ ತೇವ ನಿಲ್ಲುತ್ತದೆ. ಎಲೆಯಿಲ್ಲದ ಗಿಡ ನೀರೆಳೆಯುವುದಿಲ್ಲ. ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಪಿಥಿಯಂ, ಫೈಟಾಫ್ತೊರಾದಂಥ ಬೇರುಕೊಳೆ ರೋಗಾಣುಗಳಿಗೆ ಹಬ್ಬ. ಬುಡ ಕಪ್ಪಾಗಿ ಗಿಡ ಒಂದೇ ವಾರದಲ್ಲಿ ಹೋಗಬಹುದು. ಮಳೆ ತಾಕದ ಗಾಜಿನ ಮನೆಯಲ್ಲಿಟ್ಟರೆ ನೀರಿನ ಲೆಕ್ಕ ಸರಿಹೋಗುತ್ತದೆ, ಆದರೆ ಬೆಂಗಳೂರಿನ ಚಳಿಗಾಲದ ಹಗಲು ಕ್ರೀಟ್‌ನ ಚಳಿಗಾಲಕ್ಕಿಂತ ಎಷ್ಟೋ ಬೆಚ್ಚಗೆ. ಹೂಬಿಡಲು ಬೇಕಾದ ತಂಪಾದ, ತೇವದ ದೀರ್ಘ ಬೆಳವಣಿಗೆಯ ಕಾಲ ಸಿಗುವುದಿಲ್ಲ. ಮಂಗಳೂರು, ಕಾರವಾರದ ಮಾತೇ ಬೇಡ.

ಮುಳ್ಳಿನ ಕುಳ್ಳ ಪೊದೆಯೇ ಬೇಕಿದ್ದರೆ ಯುಫೋರ್ಬಿಯಾ ಮಿಲಿಯ ಚಿಕ್ಕ ತಳಿಗಳನ್ನು ನೆಡಿ. ಮಡಗಾಸ್ಕರ್ ಮೂಲದ ಇದೇ ನಮ್ಮ ನರ್ಸರಿಗಳಲ್ಲಿ ಬರೀ "ಯುಫೋರ್ಬಿಯಾ" ಎಂದು ಮಾರಾಟವಾಗುವುದು. ಮುಂಗಾರಿನ ಮಳೆಯಲ್ಲಿ ನೀರು ಬಸಿಯುವ ಕುಂಡವಿದ್ದರೆ ಸಾಕು, ವರ್ಷದ ಹೆಚ್ಚಿನ ಕಾಲ ಹೂವಿರುತ್ತದೆ.

ಕ್ಯಾಲಿಫೋರ್ನಿಯಾ, ಪರ್ತ್, ಅಡಿಲೇಡ್‌ನಲ್ಲಿರುವ ನಾವು ಬೆಳೆಸಬಹುದೇ?

ಬೆಳೆಸಬಹುದು, ಚೆನ್ನಾಗಿಯೇ ಬರುತ್ತದೆ. ಈ ಊರುಗಳಲ್ಲಿ ಮಳೆ ಚಳಿಗಾಲಕ್ಕೆ, ಬೇಸಿಗೆ ಒಣಗು. ಊರಿನ ಅಭ್ಯಾಸದಲ್ಲಿ ಸಂಜೆ ಸಂಜೆ ಎಲ್ಲ ಗಿಡಕ್ಕೂ ಪೈಪು ಹಿಡಿಯುವ ಕೈಯನ್ನು ಮಾತ್ರ ಇದರ ಹತ್ತಿರ ತಡೆಯಬೇಕು. ತುಳಸಿ, ಕರಿಬೇವು, ಮಲ್ಲಿಗೆಯ ಜೊತೆ ಒಂದೇ ಡ್ರಿಪ್ ಲೈನಿಗೆ ಸೇರಿಸಬೇಡಿ. ದಕ್ಷಿಣಾರ್ಧಗೋಳದವರು ಇಲ್ಲಿ ಹೇಳಿದ ತಿಂಗಳುಗಳಿಗೆ ಆರು ತಿಂಗಳು ಕೂಡಿಸಿಕೊಳ್ಳಿ. ಆಸ್ಟ್ರೇಲಿಯಾದ ಜೈವಿಕ ಸುರಕ್ಷತಾ ನಿಯಮ ಬಹಳ ಬಿಗಿ. ಬೀಜವನ್ನು ಅಂಚೆಯಲ್ಲಿ ತರಿಸುವ ಬದಲು ಅಲ್ಲಿಯ ನರ್ಸರಿಯಲ್ಲೇ ಕೊಳ್ಳಿ.

ಇಂಗ್ಲೆಂಡ್‌ನಂಥ ಕಡೆ ಚಳಿಗಿಂತ ಚಳಿಗಾಲದ ಬಿಡದ ಒದ್ದೆ ಇದಕ್ಕೆ ಹೆಚ್ಚು ಕಾಟ ಕೊಡುತ್ತದೆ. ಅಲ್ಲಿ ಕುಂಡದಲ್ಲಿ ಬೆಳೆಸಿ, ಮಳೆ ತಾಕದ, ಗಾಳಿಯಾಡುವ ಗಾಜಿನ ಮಾಡಿನಡಿ ಇಡುವುದು ಲೇಸು.

ಮಣ್ಣು ಮತ್ತು ಕುಂಡ ಹೇಗಿರಬೇಕು?

ಬೇರು ಆಳಕ್ಕೆ ಇಳಿಯುವುದರಿಂದ ಅಗಲಕ್ಕಿಂತ ಆಳ ಮುಖ್ಯ. ಕನಿಷ್ಠ 25–30 ಸೆಂಟಿಮೀಟರ್ ಆಳದ ಮಣ್ಣಿನ ಕುಂಡ ಒಳ್ಳೆಯದು. ಪ್ಲಾಸ್ಟಿಕ್ ಕುಂಡ ತೇವ ಹಿಡಿದಿಡುತ್ತದೆ.

ಮಿಶ್ರಣ, ಅಳತೆಯ ಲೆಕ್ಕದಲ್ಲಿ: 3ರಿಂದ 6 ಮಿಲಿಮೀಟರ್‌ನ ಸುಣ್ಣಕಲ್ಲಿನ ಜಲ್ಲಿ ಎರಡು ಪಾಲು, ದಪ್ಪ ಮರಳು ಒಂದು ಪಾಲು, ತೋಟದ ಸಾಧಾರಣ ಮಣ್ಣು ಒಂದು ಪಾಲು. ಕೋಕೊಪೀಟ್ ಬೇಡ, ಒಣಗಿದಂತೆ ಕಂಡರೂ ಅದು ಒಳಗೆ ನೀರು ಹಿಡಿದಿರುತ್ತದೆ. ಸುಣ್ಣಕಲ್ಲು ಸಿಗದಿದ್ದರೆ ಬೇರೆ ಜಲ್ಲಿಯಾದರೂ ನಡೆಯುತ್ತದೆ, ಮಣ್ಣು ಹುಳಿಯಾಗದಿದ್ದರೆ ಸಾಕು. ಮಿಶ್ರಣ ಸರಿಯಿದೆಯೇ ನೋಡಲು ಕುಂಡ ತುಂಬಿಸಿ ಒಂದು ಲೀಟರ್ ನೀರು ಹೊಯ್ಯಿರಿ. ನೀರು ಮೇಲೆ ನಿಲ್ಲದೆ ಕೆಲವೇ ಸೆಕೆಂಡುಗಳಲ್ಲಿ ತಳದಿಂದ ಹರಿಯಬೇಕು. ನಿಂತರೆ ಇನ್ನೊಂದು ಪಾಲು ಜಲ್ಲಿ ಸೇರಿಸಿ. ಕುಂಡದ ತಳದಲ್ಲಿ ಜಲ್ಲಿಯ ಪ್ರತ್ಯೇಕ ಪದರ ಹಾಕುವುದರಿಂದ ಉಪಯೋಗವಿಲ್ಲ, ನೀರು ಆ ಪದರದ ಮೇಲೆಯೇ ತಂಗುತ್ತದೆ.

ನೆಟ್ಟ ಮೇಲೆ ಬುಡದ ಸುತ್ತ ಎರಡು ಸೆಂಟಿಮೀಟರ್ ದಪ್ಪ ಜಲ್ಲಿ ಹರಡಿ. ಗುಪ್ಪೆಯ ಕೆಳಗಿನ ಕಡ್ಡಿಗಳು ಒದ್ದೆ ಮಣ್ಣಿಗೆ ತಾಗಿ ಕೊಳೆಯುವುದನ್ನು ಇದು ತಪ್ಪಿಸುತ್ತದೆ. ಬಿಸಿಲು ದಿನಕ್ಕೆ ಕನಿಷ್ಠ ಆರು ಗಂಟೆ ನೇರವಾಗಿ ಬೀಳಬೇಕು.

ನೀರು ಎಷ್ಟು, ಯಾವಾಗ?

ಅಕ್ಟೋಬರ್‌ನಲ್ಲಿ ಚಿಗುರು ಕಂಡ ಮೇಲೆ ಶುರುಮಾಡಿ. ಚಳಿಗಾಲ, ವಸಂತದಲ್ಲಿ ಮೇಲಿನ ಐದು ಸೆಂಟಿಮೀಟರ್ ಪೂರ್ತಿ ಒಣಗಿದ ಮೇಲೆ, ತಳದಿಂದ ಹರಿಯುವಷ್ಟು. ಹೂವು ಮುಗಿದಂತೆ ಅಂತರ ಹೆಚ್ಚಿಸುತ್ತ ಹೋಗಿ. ಎಲೆ ಉದುರತೊಡಗಿದರೆ ನಿಲ್ಲಿಸಿ. ನೆಲದಲ್ಲಿ ಬೇರೂರಿದ ಗಿಡಕ್ಕೆ ಬೇಸಿಗೆಯಲ್ಲಿ ಏನೂ ಬೇಡ. ಕುಂಡದ ಗಿಡಕ್ಕೆ ಮೂರು ನಾಲ್ಕು ವಾರಕ್ಕೊಮ್ಮೆ, ಸಂಜೆ ತಂಪಾದ ಮೇಲೆ, ಕುಂಡದ ಅಂಚಿನಲ್ಲಿ ಒಂದು ಲೋಟ. ಮೊದಲ ವರ್ಷದ ಸಸಿಗೆ ಮಾತ್ರ ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ಕೊಡಬೇಕಾಗುತ್ತದೆ, ಬೇರು ಇನ್ನೂ ಆಳಕ್ಕೆ ಹೋಗಿರುವುದಿಲ್ಲ. ಗುಪ್ಪೆಯ ನೆತ್ತಿಗೆ ಎಂದೂ ನೀರು ಹಾಕಬೇಡಿ.

ಗೊಬ್ಬರ?

ಬೇಡವೆಂದರೂ ನಡೆಯುತ್ತದೆ. ಹಾಕಲೇಬೇಕೆಂದರೆ ಅಕ್ಟೋಬರ್‌ನಲ್ಲಿ ಒಂದು ಹಿಡಿ ಹಳೆಯ ಪುಡಿಗೊಬ್ಬರ. ಸಾರಜನಕ ಹೆಚ್ಚಾದರೆ ಕಡ್ಡಿಗಳು ಉದ್ದುದ್ದ ಬೆಳೆದು ಗುಪ್ಪೆ ಒಡೆಯುತ್ತದೆ, ಅಂಥ ಗಿಡ ನಡುವೆ ಬಾಯಿಬಿಟ್ಟು ಮಲಗಿಬಿಡುತ್ತದೆ.

ಬೀಜದಿಂದ ಬೆಳೆಸುವುದು ಹೇಗೆ?

ಬೀಜ ಹಿಡಿಯುವುದೇ ಮೊದಲ ಕಷ್ಟ. ಕಾಯಿ ಒಣಗಿದಾಗ ಚಟ್ ಎಂದು ಸಿಡಿದು ಬೀಜ ಎಲ್ಲೋ ಹಾರುತ್ತದೆ. ಕಾಯಿ ಕಂದು ಬಣ್ಣಕ್ಕೆ ತಿರುಗುವ ಮೊದಲೇ ಕೆಲವು ತುದಿಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿ. ಸಿಕ್ಕ ಬೀಜವನ್ನು ಕಾಗದದ ಕವರಿನಲ್ಲಿ ಒಣ ಜಾಗದಲ್ಲಿಟ್ಟು ಅಕ್ಟೋಬರ್‌ನಲ್ಲಿ ಬಿತ್ತಿ.

ಮೇಲಿನ ಮಿಶ್ರಣವನ್ನೇ ಸ್ವಲ್ಪ ಸಣ್ಣ ಜಲ್ಲಿಯಲ್ಲಿ ಮಾಡಿ, ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ, ಮೇಲೆ ತೆಳುವಾಗಿ ಜಲ್ಲಿ ಮುಚ್ಚಿ. ಹೊರಗೇ ಇಡಿ, ಹಗಲು 15–20 ಡಿಗ್ರಿ, ರಾತ್ರಿ ಅದಕ್ಕಿಂತ ತಂಪು ಇದ್ದರೆ ಸರಿ. ಬೆಚ್ಚಗಿನ ಕೋಣೆಯಲ್ಲಿ, ಹೀಟಿಂಗ್ ಮ್ಯಾಟ್ ಮೇಲೆ ಇಟ್ಟರೆ ಮೊಳಕೆ ಬರುವುದಕ್ಕಿಂತ ಬೂಸ್ಟು ಬರುವುದೇ ಹೆಚ್ಚು. ಎಲ್ಲ ಬೀಜವೂ ಒಟ್ಟಿಗೆ ಮೊಳೆಯುವುದಿಲ್ಲ. ಕೆಲವು ಒಂದೆರಡು ತಿಂಗಳಲ್ಲಿ, ಕೆಲವು ಮುಂದಿನ ವರ್ಷದ ಮಳೆಗೆ. ಕುಂಡವನ್ನು ಬೇಗ ಖಾಲಿ ಮಾಡಬೇಡಿ.

ಎರಡು ಜೊತೆ ನಿಜವಾದ ಎಲೆ ಬಂದ ಕೂಡಲೇ ಆಳದ ಕುಂಡಕ್ಕೆ ಬದಲಿಸಿ. ತಡಮಾಡಿದರೆ ತಾಯಿಬೇರು ತಳಮುಟ್ಟಿ ಸುತ್ತಿಕೊಳ್ಳುತ್ತದೆ, ಅದನ್ನು ಬಿಡಿಸಲು ಹೋದರೆ ಮುರಿಯುತ್ತದೆ. ಅಲ್ಲಿಂದ ಮುಂದೆ ಬೇರನ್ನು ಕೆದಕದಿರುವುದೇ ಒಳ್ಳೆಯದು.

ಕಡ್ಡಿ ನೆಟ್ಟು ಬೆಳೆಸಬಹುದೇ?

ಆಗುತ್ತದೆ, ಆದರೆ ದಾಸವಾಳದ ಕಡ್ಡಿಯಷ್ಟು ಸುಲಭವಲ್ಲ. ಹತ್ತು ನೆಟ್ಟು ಮೂರು ನಾಲ್ಕು ಉಳಿದರೆ ಸಮಾಧಾನಪಡಬೇಕು. ಹೂವು ಮುಗಿದ ಕೂಡಲೇ, ಹೂಬಿಡದ ಚಿಗುರುಗಳನ್ನು ನಾಲ್ಕರಿಂದ ಆರು ಸೆಂಟಿಮೀಟರ್ ಉದ್ದಕ್ಕೆ ಹರಿತವಾದ ಬ್ಲೇಡಿನಿಂದ ಕತ್ತರಿಸಿ. ಕತ್ತರಿಸಿದ ತುದಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹಾಲು ನಿಲ್ಲುವವರೆಗೆ ಅದ್ದಿಡಿ. ಹಾಲು ಅಲ್ಲೇ ಗಟ್ಟಿಯಾದರೆ ತುದಿ ಮುಚ್ಚಿಹೋಗಿ ಬೇರು ಬರುವುದು ಕಷ್ಟ. ದಪ್ಪ ಕಾಂಡದ ಕಳ್ಳಿಗಳ ಹಾಗೆ ವಾರಗಟ್ಟಲೆ ಒಣಗಿಸಬಾರದು, ಈ ತೆಳು ಕಡ್ಡಿ ಬಾಡಿಹೋಗುತ್ತದೆ. ಮೇಲ್ಮೈ ಒಣಗಲು ಕೆಲವು ಗಂಟೆ ಸಾಕು.

ಕೆಳಗಿನ ಎಲೆ ತೆಗೆದು, ಅರ್ಧ ಮರಳು ಅರ್ಧ ಪರ್ಲೈಟ್‌ನಲ್ಲಿ ಎರಡು ಸೆಂಟಿಮೀಟರ್ ಆಳಕ್ಕೆ ಊರಿ, ಬೆಳಕಿರುವ ನೆರಳಲ್ಲಿಡಿ. ಪ್ಲಾಸ್ಟಿಕ್ ಕವರ್ ಮುಚ್ಚಬೇಡಿ, ಬೆವತು ಕೊಳೆಯುತ್ತದೆ. ಬೇರು ಬರಲು ಒಂದೂವರೆ–ಎರಡು ತಿಂಗಳಾದರೂ ಬೇಕು. ಎಳೆದು ಎಳೆದು ನೋಡಬೇಡಿ, ಹೊಸ ಎಲೆ ಬಂದರೆ ಬೇರೂ ಬಂದಿದೆ ಎಂದರ್ಥ.

ಸವರಬೇಕೇ? ಒಣ ಮುಳ್ಳು ತೆಗೆದರೆ ಚೆನ್ನಾಗಿ ಕಾಣುವುದಿಲ್ಲವೇ?

ಸವರಬೇಡಿ. ಒಣ ಮುಳ್ಳೇ ಹೊಸ ಚಿಗುರಿಗೆ ಚಪ್ಪರ ಮತ್ತು ನೆರಳು. ಮೇಲಿನಿಂದ ಕತ್ತರಿಸಿದರೆ ಒಳಗಿನ ಎಲೆಯಿಲ್ಲದ ಹಳೇ ಕಟ್ಟಿಗೆ ಬಿಸಿಲಿಗೆ ತೆರೆದುಕೊಳ್ಳುತ್ತದೆ. ಅಲ್ಲಿಂದ ಚಿಗುರು ಬರುವ ಖಾತ್ರಿ ಇಲ್ಲ. ಮುರಿದ ಅಥವಾ ಕೊಳೆತ ರೆಂಬೆಯನ್ನಷ್ಟೇ, ಒಣ ದಿನದಲ್ಲಿ, ಬುಡದವರೆಗೆ ತೆಗೆಯಿರಿ.

ಗುಪ್ಪೆಯ ಒಂದು ಬದಿ ಕಂದಾಗಿದೆ, ನಡುವೆ ಬೋಳಾಗಿದೆ. ಏಕೆ?

ಕಾಲ ನೋಡಿ ಉತ್ತರ. ಬೇಸಿಗೆಯಲ್ಲಿ ಇಡೀ ಗುಪ್ಪೆ ಒಂದೇ ಸಮ ಕಂದಾದರೆ ಅದು ಸಹಜ. ಚಳಿಗಾಲದಲ್ಲಿ ಒಂದು ಬದಿ ಮಾತ್ರ ಕಂದಾಗಿ, ಆ ಬದಿಯ ಕಡ್ಡಿಗಳು ಬುಡದಲ್ಲಿ ಮೆತ್ತಗಾಗಿದ್ದರೆ ಬೇರು ಕೊಳೆಯುತ್ತಿದೆ. ನೀರು ನಿಲ್ಲಿಸಿ, ಕೊಳೆತದ್ದನ್ನು ಹಸಿರು ಸಿಗುವವರೆಗೆ ಕತ್ತರಿಸಿ, ಉಳಿದ ಚಿಗುರಿನಿಂದ ಕೂಡಲೇ ಕಡ್ಡಿ ನೆಟ್ಟುಕೊಳ್ಳಿ. ತಾಯಿಗಿಡ ಉಳಿಯುವ ಸಾಧ್ಯತೆ ಕಡಿಮೆ.

ಪಕ್ಕದ ಗಿಡ ಅಥವಾ ಗೋಡೆಗೆ ತಾಗಿಕೊಂಡ ಬದಿ ಬೋಳಾದರೆ ಬೆಳಕಿನ ಕೊರತೆ. ಸುತ್ತ 30 ಸೆಂಟಿಮೀಟರ್ ಜಾಗ ಬಿಡಿಸಿ. ನಡುವೆ ಬೋಳಾಗಿ ಅಂಚಿನಲ್ಲಿ ಮಾತ್ರ ಹಸಿರಿದ್ದರೆ ಗಿಡಕ್ಕೆ ವಯಸ್ಸಾಗಿದೆ, ಇಲ್ಲವೇ ಹಿಂದೊಮ್ಮೆ ಯಾರೋ ಮೇಲೆ ತುಳಿದಿದ್ದಾರೆ. ಚಿಗುರಿನ ತುದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ. ಸಣ್ಣ ಬ್ರಷ್‌ನಿಂದ ಸ್ಪಿರಿಟ್ ಹಚ್ಚಿ ತೆಗೆಯಬಹುದು, ಕೈಗವಸು ಮರೆಯಬೇಡಿ.

ಕಾಡಿನಲ್ಲಿ ನೋಡಲು ಎಲ್ಲಿಗೆ, ಯಾವಾಗ ಹೋಗಬೇಕು?

ಕ್ರೀಟ್‌ನ ಹಾನಿಯಾ ಪಟ್ಟಣದ ಪಕ್ಕದ ಅಕ್ರೊಟಿರಿ ಪರ್ಯಾಯದ್ವೀಪದಲ್ಲಿ ಮಾರ್ಚ್ ಮಧ್ಯದಿಂದ ಏಪ್ರಿಲ್. ಎತ್ತರ ಏರಿದಂತೆ ಹೂವು ತಡ. ಸಾವಿರ ಮೀಟರ್ ಮೇಲಿರುವ ಒಮಾಲೋಸ್ ಬಯಲಿನ ಸುತ್ತ ಮೇ ತಿಂಗಳಲ್ಲೂ ಸಿಗಬಹುದು. ಹಾಗಾಗಿ ಕೆಳಗೆ ಹೂವು ಮುಗಿದಿದ್ದರೆ ನಿರಾಶರಾಗದೆ ಮೇಲಕ್ಕೆ ಹೋಗಿ. ಅಥೆನ್ಸ್‌ಗೆ ಮಾತ್ರ ಹೋಗುವವರು ಊರಿನ ಪಕ್ಕದ ಹಿಮೆಟ್ಟಸ್ ಬೆಟ್ಟ ಹತ್ತಿದರೂ ಕಾಣಬಹುದು. ಉದ್ದ ಪ್ಯಾಂಟು, ಗಟ್ಟಿ ಬೂಟು ಹಾಕಿ. ಚಪ್ಪಲಿಯಲ್ಲಿ ಫ್ರಿಗಾನಾ ದಾಟಲು ಆಗುವುದಿಲ್ಲ.

ಬೀಜವೋ ಗಿಡವೋ ಊರಿಗೆ ತರಬಹುದೇ?

ಗಿಡ ಕೀಳಬೇಡಿ. ಆಳದ ಬೇರು ಕಲ್ಲಿನ ಸಂದಿಯಲ್ಲಿರುತ್ತದೆ, ಕಿತ್ತ ಗಿಡ ಬದುಕುವುದಿಲ್ಲ. 1962ರಲ್ಲಿ ಸ್ಥಾಪನೆಯಾದ ಸಮಾರಿಯಾ ರಾಷ್ಟ್ರೀಯ ಉದ್ಯಾನದಂಥ ಕಡೆ ಗಿಡ ಕೀಳುವುದು ಅಪರಾಧವೂ ಹೌದು.

ರಸಭರಿತ ಯುಫೋರ್ಬಿಯಾಗಳಲ್ಲಿ ಹೆಚ್ಚಿನವು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಕಡ್ಡಿ ಕಾಂಡದ ಈ ಗಿಡ ಆ ಪಟ್ಟಿಗೆ ಬರುವುದಿಲ್ಲ. ಹಾಗೆಂದು ಜೇಬಿನಲ್ಲಿ ಬೀಜ ಹಾಕಿಕೊಂಡು ಬರುವಂತಿಲ್ಲ. ಭಾರತದ 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಬೀಜಕ್ಕೂ ಗಿಡಕ್ಕೂ ಆಮದು ಪರವಾನಗಿ, ಹೊರಡುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಆದೇಶದ ಪಟ್ಟಿಗಳಲ್ಲಿ ಹೆಸರಿಲ್ಲದ ಗಿಡವಾದರೆ ಅದಕ್ಕೂ ಮೊದಲು ಕೀಟ–ರೋಗ ಅಪಾಯದ ಪರಿಶೀಲನೆ ಆಗಬೇಕು. ಯುರೋಪಿನಲ್ಲಿ ನೆಲೆಸಿ ಅಲ್ಲೇ ಬೆಳೆಸುವವರು ನರ್ಸರಿಯಲ್ಲಿ ಬೀಜದಿಂದ ಬೆಳೆಸಿದ ಸಸಿಯನ್ನು, ಕುಂಡದ ಬುಡದಲ್ಲಿ ಬೇರು ಸುತ್ತಿಕೊಂಡಿಲ್ಲವೆಂದು ನೋಡಿ, ಸೆಪ್ಟೆಂಬರ್ ಕೊನೆಗೆ ಕೊಂಡರೆ ಮೊದಲ ಮಳೆಯ ಹೊತ್ತಿಗೆ ನೆಲಕ್ಕೆ ಹಾಕಬಹುದು.